ಜಿನೀವಾದ ಗ್ಯಾಲರಿಯಿಂದ ಕಾಗೋಡಿನ ಗದ್ದೆಗೆ: ಒಬ್ಬ ವಿದ್ಯಾರ್ಥಿ ಕಲಿತ ಪಾಠ

ಬರ್ಲಿನ್‌ನಲ್ಲಿ ಓದುತ್ತಿದ್ದಾಗ ಒಂದು ದಿನ ಜಿನೀವಾ ನೋಡಿಕೊಂಡು ಬರೋಣ ಅಂತ ಹೊರಟೆ. ಅಗ್ಗದ ವಿಮಾನ, ಬ್ಯಾಗಿನಲ್ಲಿ ಬ್ರೆಡ್ಡು, ಊರಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ. ಸರೋವರದ ದಂಡೆಯಲ್ಲಿ ಒಂದು ಸುತ್ತು ಹಾಕಿದೆ. ವಿಶ್ವಸಂಸ್ಥೆ ಕಚೇರಿಯ ಎದುರು ಒಂದು ಕಾಲು ಮುರಿದ ದೈತ್ಯ ಕುರ್ಚಿ ಇದೆಯಲ್ಲ, ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಸೊರಬದಲ್ಲಿರುವ ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಮುರಿದ ಕುರ್ಚಿಯನ್ನು ಯಾಕೆ ಹಾಗೇ ಇಟ್ಟಿದ್ದಾರೆ ಅಂತ ಅಮ್ಮ ಕೇಳಿದಳು. ನೆಲಬಾಂಬಿಗೆ ಕಾಲು ಕಳೆದುಕೊಂಡವರ ನೆನಪಿಗೆ ಅಂತ ಬರೆದೆ.

ಆದರೆ ನಾನು ಅಲ್ಲಿಗೆ ಹೋಗಿದ್ದು ಕುರ್ಚಿ ನೋಡೋಕಲ್ಲ. 1930ರಲ್ಲಿ ಬರ್ಲಿನ್‌ನಿಂದ ಇದೇ ಊರಿಗೆ ಬಂದಿದ್ದ ಇನ್ನೊಬ್ಬ ವಿದ್ಯಾರ್ಥಿ ಕೂತಿದ್ದ ಜಾಗ ನೋಡಬೇಕಿತ್ತು. ರಾಮಮನೋಹರ ಲೋಹಿಯಾ. ಆಗ ಅವರಿಗೆ ಇಪ್ಪತ್ತು ವರ್ಷ. ಟಿಕೆಟ್ ತಗೊಂಡು ಒಳಗೆ ಹೋಗಿ ಗೈಡ್ ಹತ್ತಿರ ಕೇಳಿದರೆ, 1930ರಲ್ಲಿ ಈ ಕಟ್ಟಡ ಇನ್ನೂ ಕಟ್ಟುವ ಹಂತದಲ್ಲಿತ್ತು, ಸಭೆ ನಗರದ ಬೇರೆ ಕಡೆ ಸೇರುತ್ತಿತ್ತು ಅಂದರು. ಇಷ್ಟು ದೂರ ಬಂದು ತಪ್ಪು ಕಟ್ಟಡ ನೋಡಿದ್ದೆ!

ಅವತ್ತು ನಡೆದದ್ದು ಇಷ್ಟು. ಲೀಗ್ ಆಫ್ ನೇಷನ್ಸ್‌ನ ಸಭೆಯಲ್ಲಿ ಭಾರತಕ್ಕೂ ಒಂದು ಕುರ್ಚಿ ಇತ್ತು. ಸ್ವಾತಂತ್ರ್ಯವಿಲ್ಲದ ದೇಶವೊಂದು ಲೀಗಿನ ಸ್ಥಾಪಕ ಸದಸ್ಯ! ಆ ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಬ್ರಿಟಿಷರು. ಆ ವರ್ಷ ಕೂರಿಸಿದ್ದು ಬಿಕಾನೇರಿನ ಮಹಾರಾಜ ಗಂಗಾಸಿಂಗ್‌ರನ್ನು. ಆ ವರ್ಷವೇ ಗಾಂಧಿ ದಂಡಿಯಲ್ಲಿ ಉಪ್ಪು ಎತ್ತಿದ್ದರು, ದೇಶದ ಜೈಲುಗಳು ತುಂಬಿದ್ದವು. ಮಹಾರಾಜರು ಭಾರತದ ಪರವಾಗಿ ಮಾತಾಡಲು ಎದ್ದಾಗ ಪ್ರೇಕ್ಷಕರ ಗ್ಯಾಲರಿಯಿಂದ ಶಿಳ್ಳೆ ಕೇಳಿಸಿತು. ಶಿಳ್ಳೆ ಹಾಕಿದವರು ಲೋಹಿಯಾ. ಕಾವಲಿನವರು ಅವರನ್ನು ಹೊರಗೆ ಹಾಕಿದರು. ಅಲ್ಲಿಗೇ ಬಿಡಲಿಲ್ಲ ಅವರು. ಭಾರತದಲ್ಲಿ ಏನಾಗುತ್ತಿದೆ ಅಂತ ಪತ್ರಿಕೆಯೊಂದಕ್ಕೆ ಪತ್ರ ಬರೆದರು, ಅದು ಅಚ್ಚಾದ ಮೇಲೆ ಪ್ರತಿಗಳನ್ನು ಹಿಡಿದು ಬಂದು ಪ್ರತಿನಿಧಿಗಳಿಗೆ ಹಂಚಿದರು.

ಈ ಶಿಳ್ಳೆ ನನಗೆ ಮುಖ್ಯ ಅನ್ನಿಸೋದು ಅದರ ಧೈರ್ಯಕ್ಕಲ್ಲ. ಆ ಶಿಳ್ಳೆಯ ಹಿಂದೆ ಒಂದು ಪ್ರಶ್ನೆ ಇತ್ತು: ನಮ್ಮ ಪರವಾಗಿ ಮಾತಾಡಲು ಇವರನ್ನು ನೇಮಿಸಿದವರು ಯಾರು? ಲೋಹಿಯಾ ಬದುಕಿನುದ್ದಕ್ಕೂ ಕೇಳಿದ್ದು ಹೆಚ್ಚುಕಮ್ಮಿ ಈ ಒಂದೇ ಪ್ರಶ್ನೆಯನ್ನು.

ಅವರು ಹುಟ್ಟಿದ್ದು 1910ರ ಮಾರ್ಚ್ 23ರಂದು, ಈಗಿನ ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ. ತಾಯಿ ಬೇಗ ತೀರಿಕೊಂಡರು. ತಂದೆ ಹೀರಾಲಾಲ್ ವ್ಯಾಪಾರಸ್ಥರು, ಗಾಂಧಿಯ ಹಿಂಬಾಲಕರು. ಬಾಂಬೆ, ಬನಾರಸ್, ಕಲ್ಕತ್ತ ಅಂತ ಓದಿ 1929ರಲ್ಲಿ ಪದವಿ ಮುಗಿಸಿದರು. ಆಗ ಶ್ರೀಮಂತರ ಮಕ್ಕಳು ಹೋಗುತ್ತಿದ್ದದ್ದು ಲಂಡನ್ನಿಗೆ. ಆಳುವವನ ಮನೆಗೇ ಹೋಗಿ ಕಲಿಯೋದು ಇವರಿಗೆ ಬೇಡವಾಗಿತ್ತು, ಬರ್ಲಿನ್ನಿಗೆ ಹೋದರು. ಅರ್ಥಶಾಸ್ತ್ರಜ್ಞ ವರ್ನರ್ ಝೊಂಬಾರ್ಟ್ ಬಳಿ ಹೋಗಿ ಇಂಗ್ಲಿಷಿನಲ್ಲಿ ಮಾತಾಡಿದರೆ, ತನಗೆ ಇಂಗ್ಲಿಷ್ ಬಾರದು ಅಂದರಂತೆ ಅವರು. ಮೂರು ತಿಂಗಳು ಬಿಟ್ಟು ಜರ್ಮನ್ ಕಲಿತು ಮತ್ತೆ ಅದೇ ಬಾಗಿಲು ತಟ್ಟಿದರು ಲೋಹಿಯಾ. ಬಿ1 ಪರೀಕ್ಷೆಗೆ ವರ್ಷಗಟ್ಟಲೆ ಒದ್ದಾಡಿದ ನನ್ನಂಥವರಿಗೆ ಈ ಕತೆ ಕೇಳಿದರೆ ಹೊಟ್ಟೆಕಿಚ್ಚಾಗುತ್ತೆ.

ಸಂಶೋಧನೆಗೆ ಆರಿಸಿಕೊಂಡ ವಿಷಯ ಭಾರತದ ಉಪ್ಪಿನ ತೆರಿಗೆ. ಊರಲ್ಲಿ ಜನ ಲಾಠಿ ತಿನ್ನುತ್ತಿದ್ದ ವಿಷಯವನ್ನೇ ವಿಶ್ವವಿದ್ಯಾಲಯದ ಮೇಜಿನ ಮೇಲೆ ಇಟ್ಟರು. ಹೊರಗೆ ಬೀದಿಯಲ್ಲಿ ಬೇರೆ ಪಾಠ ನಡೆಯುತ್ತಿತ್ತು. 1930ರ ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿ ಪಕ್ಷ 12 ಸ್ಥಾನದಿಂದ 107ಕ್ಕೆ ಜಿಗಿಯಿತು, 1933ರ ಜನವರಿಯಲ್ಲಿ ಹಿಟ್ಲರ್ ಚಾನ್ಸಲರ್ ಆದ. ಓದು, ಹಸಿವು, ಸಿಟ್ಟು ಮೂರೂ ಇರುವ ದೇಶ ಹೇಗೆ ಕೈತಪ್ಪಿ ಹೋಗುತ್ತೆ ಅನ್ನೋದನ್ನು ಕಣ್ಣಾರೆ ಕಂಡು ಆ ವರ್ಷವೇ ಲೋಹಿಯಾ ವಾಪಸಾದರು. ಮದ್ರಾಸಿನಲ್ಲಿ ಇಳಿದಾಗ ಕಲ್ಕತ್ತದ ರೈಲಿಗೆ ಕಾಸಿರಲಿಲ್ಲ. ನೇರ ‘ದಿ ಹಿಂದೂ’ ಕಚೇರಿಗೆ ಹೋಗಿ, ಅಲ್ಲೇ ಕೂತು ಲೇಖನ ಬರೆದುಕೊಟ್ಟು, ಸಂಭಾವನೆ ಪಡೆದು ಊರು ಸೇರಿದರು ಅಂತ ಹೇಳುತ್ತಾರೆ.

ಆಮೇಲಿನದು ಚರಿತ್ರೆಯ ಪುಸ್ತಕದಲ್ಲಿದೆ: 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ, 1942ರಲ್ಲಿ ಭೂಗತ ರೇಡಿಯೊ, ಲಾಹೋರ್ ಕೋಟೆಯ ಚಿತ್ರಹಿಂಸೆ. 1946ರಲ್ಲಿ ಬಿಡುಗಡೆಯಾಗಿ, ಬರ್ಲಿನ್ನಿನ ಗೆಳೆಯ ಡಾ. ಜೂಲಿಯಾವ್ ಮೆನೆಝಿಸ್ ಮನೆಗೆ ಅಂತ ಗೋವಾಕ್ಕೆ ಹೋದರು. ಅಲ್ಲಿ ಸಭೆ ಸೇರುವುದಕ್ಕೂ ಪೋರ್ಚುಗೀಸರ ಅಪ್ಪಣೆ ಬೇಕು ಅಂತ ಗೊತ್ತಾಯಿತು. ಜೂನ್ 18ರಂದು ಮಡಗಾಂವ್‌ನಲ್ಲಿ ನಿಷೇಧ ಮುರಿದರು. ಗೋವಾ ಇವತ್ತಿಗೂ ಆ ದಿನವನ್ನು ಕ್ರಾಂತಿ ದಿನ ಅಂತ ಆಚರಿಸುತ್ತೆ.

ನಮ್ಮ ಕಡೆಗೆ ಅವರು ಬಂದದ್ದು 1951ರ ಜೂನ್‌ನಲ್ಲಿ. ಸೊರಬದ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಜಗಳ ನಡೆದಿದ್ದು ಒಂದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರದು, ಅದು ಸರ್ಕಾರಿ ಮುದ್ರೆಯ ಕೊಳಗಕ್ಕಿಂತ ದೊಡ್ಡದು. ಮುದ್ರೆ ಇರುವ ಕೊಳಗದಲ್ಲೇ ಅಳೆಯಿರಿ ಅಂತ ಕೇಳಿದ್ದಕ್ಕೆ ರೈತರನ್ನು ಗದ್ದೆಯಿಂದ ಬಿಡಿಸಿದರು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರ ಮುಂದಾಳ್ತನದಲ್ಲಿ ಸಮಾಜವಾದಿಗಳು ಜತೆಗೆ ನಿಂತರು. ದಿನಾ ಒಂದು ತಂಡ ಗದ್ದೆಗೆ ಇಳಿಯೋದು, ಪೊಲೀಸರು ಹಿಡಿಯೋದು. ಲೋಹಿಯಾ ಬಂದು ತಾವೂ ಸತ್ಯಾಗ್ರಹಕ್ಕೆ ಸೇರಿದರು, ಸಾಗರದಲ್ಲಿ ಬಂಧನಕ್ಕೊಳಗಾದರು. ಬರ್ಲಿನ್ನಿನ ಡಾಕ್ಟರೇಟ್ ಇದ್ದ ಮನುಷ್ಯ ಮಲೆನಾಡಿನ ಮಳೆಯಲ್ಲಿ ಒಂದು ಅಳತೆಪಾತ್ರೆಗಾಗಿ ಜೈಲಿಗೆ ಹೋದರು.

ನನಗೆ ಜಿನೀವಾ ಅರ್ಥವಾಗಿದ್ದು ಇಲ್ಲಿಂದ. ಅಲ್ಲಿ ಮಾತಾಡುವ ಕುರ್ಚಿ ಬೇರೆಯವರ ಕೈಲಿತ್ತು, ಇಲ್ಲಿ ಅಳೆಯುವ ಕೊಳಗ ಬೇರೆಯವರ ಕೈಲಿತ್ತು. ಪ್ರಶ್ನೆ ಮಾತ್ರ ಅದೇ.

1963ರಲ್ಲಿ ಲೋಕಸಭೆಗೆ ಬಂದ ಮೇಲೆಯೂ ಅವರು ಕೇಳಿದ್ದು ಅಳತೆಯನ್ನೇ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಅಂತ ವಾದಿಸಿದರು, ಸರ್ಕಾರ ಹದಿನೈದಾಣೆ ಅನ್ನುತ್ತಿತ್ತು. ಬಡತನವನ್ನು ಅಳೆಯುವ ಕೊಳಗ ಯಾರದು ಅನ್ನುವ ಜಗಳ ಮೊದಲ ಬಾರಿಗೆ ಸಂಸತ್ತಿನ ಒಳಗೆ ಇಷ್ಟು ಜೋರಾಗಿ ಕೇಳಿಸಿತು. 1964ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಹೋಟೆಲಿಗೆ ನುಗ್ಗಿ ಅಲ್ಲೂ ಬಂಧನಕ್ಕೊಳಗಾದರು.

ಅವರನ್ನು ಪೂಜೆ ಮಾಡಿ ಅಂತ ನಾನು ಹೇಳ್ತಿಲ್ಲ. ಕಾಂಗ್ರೆಸ್ಸನ್ನು ಸೋಲಿಸಬೇಕು ಅನ್ನುವ ಹಟದಲ್ಲಿ ಜನಸಂಘವನ್ನೂ ಜತೆಗೆ ಕೂರಿಸಿಕೊಂಡರು, ಬರ್ಲಿನ್‌ನಲ್ಲಿ ಕಲಿತ ಪಾಠವನ್ನು ಇಲ್ಲಿ ಮರೆತರೇ ಅಂತ ನನಗೆ ಅನ್ನಿಸೋದುಂಟು. ಇಂಗ್ಲಿಷ್ ಹೋಗಬೇಕು ಅನ್ನುವ ಅವರ ಮಾತು ದಕ್ಷಿಣದಲ್ಲಿ ಹಿಂದಿಯ ಹೇರಿಕೆಯಂತೆ ಕೇಳಿಸಿದ್ದೂ ಸುಳ್ಳಲ್ಲ. ಪ್ರಶ್ನೆ ಕೇಳುವುದನ್ನು ಕಲಿಸಿದವರನ್ನೂ ಪ್ರಶ್ನೆ ಕೇಳಬೇಕು.

1967ರ ಅಕ್ಟೋಬರ್ 12ರಂದು ದೆಹಲಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಆಗ 57 ವರ್ಷ. ಆ ವರ್ಷವೇ ನಮ್ಮ ಸೊರಬದಿಂದ ಕುಬಟೂರಿನ ಎಸ್. ಬಂಗಾರಪ್ಪ ಸಮಾಜವಾದಿಯಾಗಿ ಗೆದ್ದು ಮೊದಲ ಸಲ ವಿಧಾನಸಭೆಗೆ ಹೋಗಿದ್ದರು. ಗೇಣಿ ರೈತರ ಓಟಿಗೆ ಬೆಲೆ ಬಂದಿತ್ತು. ಬಂಗಾರಪ್ಪ ಮುಂದೆ ಎಷ್ಟು ಪಕ್ಷ ಬದಲಿಸಿದರು ಅನ್ನೋದು ಬೇರೆ ಕತೆ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಕಾಯ್ದೆ ಜಾರಿಗೆ ಬಂದಾಗ ನನ್ನ ಅಜ್ಜ ಡಿಕ್ಲರೇಷನ್ ಹಾಕಿದರು. ಬಂದದ್ದು ಎರಡು ಎಕರೆ ಚಿಲ್ಲರೆ. ನನ್ನ ಎಜುಕೇಷನ್ ಲೋನಿಗೆ ಬ್ಯಾಂಕಿನಲ್ಲಿ ಅಡವಿಟ್ಟದ್ದು ಅದೇ ಗದ್ದೆಯನ್ನು. ಕಾಗೋಡು ನಡೆಯದೇ ಇದ್ದಿದ್ದರೆ ನಾನು ಜಿನೀವಾದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳೋದು ಎಲ್ಲಿಂದ ಬರಬೇಕಿತ್ತು?

ಈಗ ನಮ್ಮೂರಿನ ಹುಡುಗ ಹುಡುಗಿಯರು ಫೋನ್ ಮಾಡಿ ವೀಸಾ, ಬಾಡಿಗೆ, ಪಾರ್ಟ್‌ಟೈಮ್ ಕೆಲಸದ ಬಗ್ಗೆ ಕೇಳುತ್ತಾರೆ. ಗೊತ್ತಿದ್ದದ್ದು ಹೇಳ್ತೀನಿ. ಹೋಗಿ, ಸರೋವರ ನೋಡಿ, ಫೋಟೊನೂ ತೆಗೆಸಿಕೊಳ್ಳಿ. ಆದರೆ ಯಾವುದಾದರೂ ದೊಡ್ಡ ಸಭಾಂಗಣಕ್ಕೆ ಹೋದರೆ, ವೇದಿಕೆಯ ಮೇಲೆ ನಿಮ್ಮ ಹೆಸರಲ್ಲಿ ಮಾತಾಡುತ್ತಿರುವವರು ಯಾರು, ಅವರನ್ನು ಕಳಿಸಿದವರು ಯಾರು ಅಂತ ಒಮ್ಮೆ ನೋಡಿ. 2020ರಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ನಮ್ಮ ರಾಜ್ಯದ ಕಾಯ್ದೆ ಬದಲಾಯಿಸಿದಾಗ ಗೇಣಿದಾರರ ಮೊಮ್ಮಕ್ಕಳಾದ ನಮ್ಮಲ್ಲಿ ಎಷ್ಟು ಜನ ಬಾಯಿಬಿಟ್ಟೆವು? ನಾನಂತೂ ಬಿಡಲಿಲ್ಲ.

ಮೊನ್ನೆ ಊರಿಗೆ ಹೋದಾಗ ಅಟ್ಟದಲ್ಲಿ ಹುಡುಕಿದೆ. ಅಜ್ಜನ ಹಳೇ ಕೊಳಗ ಸಿಕ್ಕಿತು. ಕೆಳಗಿಳಿಸಿ ಒರೆಸಿ ಇಟ್ಟಿದ್ದೇನೆ.