ನೆಲವೂ ಸರಿಯುತ್ತದೆ ಎಂದ ಹವಾಮಾನ ತಜ್ಞ ಆಲ್ಫ್ರೆಡ್ ವೆಗೆನರ್

ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವ ಮುಂಬಯಿ ಕನ್ನಡಿಗರಲ್ಲಿ ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ನೋಡದವರು ವಿರಳ. ದೋಣಿ ಇಳಿದು, ಸಾಲಾಗಿ ನಿಲ್ಲಿಸಿದಂತಿರುವ ಕಲ್ಲು ಕಂಬಗಳ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆ ಕಂಬಗಳಾದವು ಎಂಬುದು ತಜ್ಞರ ಅಭಿಪ್ರಾಯ. ಭೂಖಂಡಗಳು ಒಡೆದು ದೂರ ಸರಿಯುತ್ತವೆ ಎಂಬುದನ್ನು ಇಂದು ಶಾಲೆಯ ಮಕ್ಕಳೂ ಓದುತ್ತಾರೆ. ಆದರೆ ಅದನ್ನು ಆಧಾರ ಸಹಿತ ಮಂಡಿಸಿದ ಆಲ್ಫ್ರೆಡ್ ವೆಗೆನರ್ ಅವರು ಬದುಕಿದ್ದಷ್ಟು ಕಾಲ ದೊಡ್ಡ ದೊಡ್ಡ ವಿದ್ವಾಂಸರ ಅಪಹಾಸ್ಯಕ್ಕೆ ಗುರಿಯಾದರು.

ಜರ್ಮನಿಯ ಬರ್ಲಿನ್‌ನಲ್ಲಿ 1880ರ ನವೆಂಬರ್ 1ರಂದು ಜನಿಸಿದ ವೆಗೆನರ್, ಧರ್ಮಬೋಧಕರೂ ಪ್ರಾಚೀನ ಭಾಷೆಗಳ ಶಿಕ್ಷಕರೂ ಆಗಿದ್ದ ರಿಚರ್ಡ್ ವೆಗೆನರ್ ಅವರ ಐವರು ಮಕ್ಕಳಲ್ಲಿ ಕೊನೆಯವರು. ಕಲಿತದ್ದು ಖಗೋಳ ಶಾಸ್ತ್ರ. ಗ್ರಹಗಳ ಚಲನೆಯ ಹಳೆಯ ಕೋಷ್ಟಕಗಳನ್ನು ಹೊಸದಾಗಿ ಲೆಕ್ಕ ಹಾಕಿ 1905ರಲ್ಲಿ ಡಾಕ್ಟರೇಟ್ ಪಡೆದರು. ಆದರೆ ಕುಳಿತಲ್ಲೇ ದುರ್ಬೀನು ನೋಡುವ ಕೆಲಸ ಅವರಿಗೆ ಹಿಡಿಸಲಿಲ್ಲ. ಹವಾಮಾನ ಶಾಸ್ತ್ರದತ್ತ ಹೊರಳಿದರು. 1906ರ ಏಪ್ರಿಲ್‌ನಲ್ಲಿ ಅಣ್ಣ ಕುರ್ಟ್ ಜೊತೆ ಬಲೂನಿನಲ್ಲಿ ಸತತ 52 ಗಂಟೆಗೂ ಹೆಚ್ಚು ಕಾಲ ಹಾರಾಡಿ ವಿಶ್ವದಾಖಲೆ ಮಾಡಿದರು. ಅದೇ ವರ್ಷ ಡೆನ್ಮಾರ್ಕಿನವರ ತಂಡದೊಂದಿಗೆ ಗ್ರೀನ್‌ಲ್ಯಾಂಡಿಗೆ ಹೊರಟರು. ಎರಡು ವರ್ಷ ನಡೆದ ಆ ಯಾತ್ರೆಯಲ್ಲಿ ತಂಡದ ನಾಯಕನೇ ತೀರಿಕೊಂಡರೂ ಹಿಮದ ನಾಡಿನ ಸೆಳೆತ ಇವರನ್ನು ಬಿಡಲಿಲ್ಲ.

ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕರಾಗಿದ್ದಾಗ, 1910ರ ಕ್ರಿಸ್ಮಸ್ ಹೊತ್ತಿಗೆ, ಗೆಳೆಯನೊಬ್ಬನಿಗೆ ಬಂದಿದ್ದ ಹೊಸ ಭೂಪಟ ಪುಸ್ತಕ ತಿರುವಿ ಹಾಕುತ್ತಿದ್ದರು. ದಕ್ಷಿಣ ಅಮೆರಿಕದ ಪೂರ್ವ ಕರಾವಳಿಯೂ ಆಫ್ರಿಕದ ಪಶ್ಚಿಮ ಕರಾವಳಿಯೂ ಹರಿದ ಕಾಗದದ ಎರಡು ತುಂಡುಗಳಂತೆ ಹೊಂದುವುದು ಕಣ್ಣಿಗೆ ಬಿತ್ತು. ಇದನ್ನು ಅವರಿಗಿಂತ ಮೊದಲು ಗಮನಿಸಿದವರೂ ಇದ್ದರು. ನೋಡಿ ಸುಮ್ಮನಾಗದೆ ಬೆನ್ನು ಹತ್ತಿದ್ದು ವೆಗೆನರ್ ಅವರ ಹೆಚ್ಚುಗಾರಿಕೆ. ಮರುವರ್ಷ ಗ್ರಂಥಾಲಯದಲ್ಲಿ ಸಿಕ್ಕಿದ ವರದಿಯೊಂದರಲ್ಲಿ, ಸಾಗರದ ಎರಡೂ ದಡಗಳಲ್ಲಿ ಒಂದೇ ಬಗೆಯ ಪ್ರಾಣಿ, ಸಸ್ಯಗಳ ಪಳೆಯುಳಿಕೆಗಳು ಸಿಗುವ ಸಂಗತಿ ಇತ್ತು. ಹಿಂದೆ ಖಂಡಗಳ ನಡುವೆ ನೆಲದ ಸೇತುವೆಗಳಿದ್ದು ಆಮೇಲೆ ಮುಳುಗಿಹೋದವು ಎಂದು ಭೂಗರ್ಭ ಶಾಸ್ತ್ರಜ್ಞರು ಇದಕ್ಕೆ ಸಮಜಾಯಿಷಿ ಕೊಡುತ್ತಿದ್ದರು. ಖಂಡಗಳ ಹಗುರ ಬಂಡೆ ಕೆಳಗಿನ ಭಾರದ ಪದರದ ಮೇಲೆ ನೀರಿನ ಮೇಲಿನ ಮಂಜುಗಡ್ಡೆಯಂತೆ ತೇಲುತ್ತಿರುವಾಗ ಅದು ಮುಳುಗುವುದು ಹೇಗೆ ಎಂಬುದು ಭೌತಶಾಸ್ತ್ರ ಬಲ್ಲ ವೆಗೆನರ್ ಅವರ ಪ್ರಶ್ನೆಯಾಗಿತ್ತು.

1912ರ ಜನವರಿ 6ರಂದು ಫ್ರಾಂಕ್‌ಫರ್ಟ್‌ನ ಸಭೆಯಲ್ಲಿ ಅವರು ತಮ್ಮ ವಾದ ಮುಂದಿಟ್ಟರು. ಆ ವರ್ಷವೇ ಮತ್ತೆ ಗ್ರೀನ್‌ಲ್ಯಾಂಡಿಗೆ ಹೋಗಿ ಹಿಮದ ಮೇಲೆ ಚಳಿಗಾಲ ಕಳೆದು ಬಂದರು. 1913ರಲ್ಲಿ ಖ್ಯಾತ ಹವಾಮಾನ ತಜ್ಞ ಕೊಪ್ಪೆನ್ ಅವರ ಪುತ್ರಿ ಎಲ್ಸೆ ಅವರನ್ನು ವರಿಸಿದರು. ಮೊದಲ ಮಹಾಯುದ್ಧದಲ್ಲಿ ಎರಡು ಸಲ ಗುಂಡೇಟು ತಿಂದು ವಿಶ್ರಾಂತಿಯಲ್ಲಿದ್ದಾಗ ಪುಸ್ತಕ ಬರೆದರು. ಖಂಡಗಳ ಮತ್ತು ಸಾಗರಗಳ ಹುಟ್ಟಿನ ಕುರಿತ ನೂರು ಪುಟಕ್ಕೂ ಚಿಕ್ಕದಾದ ಆ ಪುಸ್ತಕ 1915ರಲ್ಲಿ ಹೊರಬಂತು. ಮುಂದೆ ಮೂರು ಸಲ ತಿದ್ದಿ ಬೆಳೆಸಿದರು.

ಆ ಪುಸ್ತಕದಲ್ಲಿ ನಮ್ಮ ದೇಶಕ್ಕೂ ದೊಡ್ಡ ಪಾತ್ರವಿದೆ. ಒಂದಾನೊಂದು ಕಾಲದ ದಕ್ಷಿಣದ ಮಹಾಖಂಡಕ್ಕೆ ಗೊಂಡ್ವಾನ ಎಂಬ ಹೆಸರು ಬಂದದ್ದೇ ಮಧ್ಯಭಾರತದ ಗೊಂಡರ ನಾಡಿನಿಂದ. ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಯ ಅಚ್ಚು ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳ ಬಂಡೆಗಳಲ್ಲೆಲ್ಲ ಇದೆ. ಒರಿಸ್ಸಾದ ತಾಲ್ಚೇರ್‌ನಲ್ಲಂತೂ ಹಿಮನದಿ ತಂದು ಸುರಿದ ಕಲ್ಲುಗುಂಡುಗಳ ಪದರವೇ ಉಂಟು. ಸೆಕೆಗೆ ಬೆವರಿಳಿಯುವ ಒರಿಸ್ಸಾದಲ್ಲಿ ಹಿಮನದಿ ಎಲ್ಲಿಂದ ಬಂತು? ಆಗ ಈ ನೆಲ ದಕ್ಷಿಣ ಧ್ರುವದ ಸಮೀಪವಿತ್ತು ಎನ್ನುವುದೇ ವೆಗೆನರ್ ಉತ್ತರ.

ಅವರ ತಲೆ ಒಂದೇ ಪ್ರಶ್ನೆಯಲ್ಲಿ ನಿಂತದ್ದೂ ಅಲ್ಲ. 1916ರ ಏಪ್ರಿಲ್ 3ರಂದು ಜರ್ಮನಿಯ ಹೆಸ್ಸೆ ಪ್ರಾಂತದ ಟ್ರೈಸಾ ಬಳಿ ಹಗಲಿನಲ್ಲೇ ಬೆಂಕಿಯುಂಡೆ ಹಾದುಹೋಯಿತು. ಬಿದ್ದ ಜಾಗ ಯಾರಿಗೂ ತಿಳಿಯಲಿಲ್ಲ. ಕಂಡವರ ಹೇಳಿಕೆಗಳನ್ನೆಲ್ಲ ಕೂಡಿಸಿ ವೆಗೆನರ್ ಲೆಕ್ಕ ಹಾಕಿ ಜಾಗ ಸೂಚಿಸಿದರು. ಮರುವರ್ಷ ಅಲ್ಲಿಂದ ಒಂದು ಕಿಲೋಮೀಟರಿನೊಳಗೆ, ಕಾಡಿನ ಮಣ್ಣಿನಡಿ 63 ಕಿಲೋ ತೂಕದ ಕಬ್ಬಿಣದ ಉಲ್ಕೆ ಸಿಕ್ಕಿತು. ಚಂದ್ರನ ಮೇಲಿನ ಕುಳಿಗಳು ಜ್ವಾಲಾಮುಖಿಯ ಬಾಯಿಗಳೆಂದು ಹೆಚ್ಚಿನವರು ನಂಬಿದ್ದ ಕಾಲದಲ್ಲಿ, ಸಿಮೆಂಟು ಪುಡಿ ಹರಡಿ ಅದರ ಮೇಲೆ ಮತ್ತೆ ಪುಡಿಯನ್ನೇ ಎಸೆದು, ಹೊರಗಿನಿಂದ ಬಡಿದ ಕಲ್ಲುಗಳಿಂದ ಆದ ಕುಳಿಗಳು ಅವು ಎಂದು 1921ರಲ್ಲಿ ಪುಸ್ತಕವನ್ನೇ ಬರೆದರು. ಅದೂ ಸರಿಯೆಂದು ಮುಂದೆ ಸಿದ್ಧವಾಯಿತು.

ಆದರೆ ಖಂಡಗಳ ವಿಷಯದಲ್ಲಿ ಗೆಲುವು ಅಷ್ಟು ಸುಲಭವಾಗಿರಲಿಲ್ಲ. ಇಷ್ಟು ದೊಡ್ಡ ನೆಲವನ್ನು ತಳ್ಳುವ ಶಕ್ತಿ ಯಾವುದು ಎಂದು ಎಲ್ಲರೂ ಕೇಳಿದರು. ಭೂಮಿ ತಿರುಗುವುದರಿಂದ ಹುಟ್ಟುವ ಬಲ ಮತ್ತು ಸೂರ್ಯ, ಚಂದ್ರರ ಸೆಳೆತ ಎಂದು ವೆಗೆನರ್ ಹೇಳಿದರು. ಕೇಂಬ್ರಿಜ್‌ನ ಹೆರಾಲ್ಡ್ ಜೆಫ್ರಿಸ್ ಲೆಕ್ಕ ಮಾಡಿ, ಆ ಬಲಗಳು ಏತಕ್ಕೂ ಸಾಲವು ಎಂದು ತೋರಿಸಿದರು. ಜೆಫ್ರಿಸ್ ಲೆಕ್ಕ ತಪ್ಪಾಗಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಲೇಬೇಕು. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಹತ್ತಾರು ಮೀಟರ್ ಸರಿಯುತ್ತಿದೆ ಎಂದು ರೇಖಾಂಶದ ಅಳತೆಗಳನ್ನು ನಂಬಿ ವೆಗೆನರ್ ಬರೆದದ್ದೂ ಎಡವಟ್ಟಾಯಿತು. ಅಳತೆಯ ದೋಷವನ್ನೇ ಅವರು ನೆಲದ ಚಲನೆ ಎಂದು ತಿಳಿದಿದ್ದರು. ಹವಾಮಾನದವನಿಗೆ ಕಲ್ಲಿನ ಗೊಡವೆ ಏಕೆಂಬ ತಾತ್ಸಾರವೂ ಇದಕ್ಕೆ ಸೇರಿತು. ಪ್ರಾಧ್ಯಾಪಕ ಹುದ್ದೆಗಾಗಿ ಬಹಳ ಕಾಲ ಕಾದು, ಕೊನೆಗೆ 1924ರಲ್ಲಿ ಆಸ್ಟ್ರಿಯದ ಗ್ರಾಟ್ಸ್‌ನಲ್ಲಿ ನೆಲೆ ನಿಂತರು. ಬಲದ ಗುಟ್ಟು ಬಿಡಿಸುವವನು ಇನ್ನೂ ಬರಬೇಕಷ್ಟೇ ಎಂಬುದನ್ನು ಕೊನೆಯ ಆವೃತ್ತಿಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

1930ರಲ್ಲಿ ದೊಡ್ಡ ತಂಡದ ನಾಯಕರಾಗಿ ಮತ್ತೆ ಗ್ರೀನ್‌ಲ್ಯಾಂಡಿಗೆ ಹೋದರು. ಕರಾವಳಿಯಿಂದ ಸುಮಾರು 400 ಕಿಲೋಮೀಟರ್ ಒಳಗೆ, ಹಿಮದ ನಡುಮಧ್ಯೆ ಹವಾಮಾನ ಕೇಂದ್ರವೊಂದನ್ನು ತೆರೆದಿದ್ದರು. ಅಲ್ಲಿದ್ದ ಸಂಗಾತಿಗಳಿಗೆ ಚಳಿಗಾಲಕ್ಕೆ ಬೇಕಾದ ಸಾಮಗ್ರಿ ಸಾಲದು ಎಂದು ತಿಳಿದು ಸೆಪ್ಟೆಂಬರ್‌ನಲ್ಲಿ 15 ಜಾರುಬಂಡಿಗಳೊಂದಿಗೆ ತಾವೇ ಹೊರಟರು. ಜೊತೆಗೆ ಫ್ರಿಟ್ಸ್ ಲೋವೆ ಹಾಗೂ 13 ಮಂದಿ ಸ್ಥಳೀಯರು. ಬಿರುಗಾಳಿ, ಚಳಿಗೆ ಬೆದರಿ ಸ್ಥಳೀಯರು ಹಿಂದಿರುಗಿದರು. ಉಳಿದವನು ರಾಸ್ಮುಸ್ ವಿಲ್ಲುಮ್‌ಸೆನ್ ಎಂಬ ತರುಣ ಒಬ್ಬನೇ. ಮೂವರೂ ಅಕ್ಟೋಬರ್ 30ರಂದು ಕೇಂದ್ರ ತಲುಪಿದಾಗ ಕೈಯಲ್ಲಿ ಸಾಮಗ್ರಿ ಏನೂ ಉಳಿದಿರಲಿಲ್ಲ. ಚಳಿಗೆ ಸತ್ತಿದ್ದ ಲೋವೆಯ ಕಾಲ್ಬೆರಳುಗಳನ್ನು ಅರಿವಳಿಕೆ ಇಲ್ಲದೆಯೇ ಕತ್ತರಿಸಬೇಕಾಯಿತು. ಐದು ಮಂದಿಗೆ ಅಲ್ಲಿ ಅನ್ನವಿಲ್ಲ. ನವೆಂಬರ್ 1ರಂದು, ತಮ್ಮ 50ನೇ ಹುಟ್ಟುಹಬ್ಬದ ದಿನ, ವೆಗೆನರ್ ರಾಸ್ಮುಸ್ ಜೊತೆ ಕರಾವಳಿಯತ್ತ ಮರಳಿ ಹೊರಟರು. ಮತ್ತೆ ಅವರನ್ನು ಜೀವಂತ ಕಂಡವರಿಲ್ಲ.

1931ರ ಮೇ 12ರಂದು ದಾರಿಯ ಮಧ್ಯದಲ್ಲಿ ಹಿಮದಲ್ಲಿ ನೆಟ್ಟ ಅವರ ಸ್ಕೀ ಹಲಗೆಗಳು ಕಂಡವು. ಅಗೆದಾಗ ದೇಹ ಸಿಕ್ಕಿತು. ಮೈಗೆ ಬಟ್ಟೆ ಸುತ್ತಿ, ಜಿಂಕೆಯ ಚರ್ಮದ ಮೇಲೆ ಒಪ್ಪವಾಗಿ ಮಲಗಿಸಲಾಗಿತ್ತು. ಹೃದಯ ಸೋತು ತೀರಿಕೊಂಡಿರಬೇಕು. ಅಂತ್ಯಸಂಸ್ಕಾರ ಮಾಡಿದವನು ರಾಸ್ಮುಸ್. ವೆಗೆನರ್ ಅವರ ದಿನಚರಿ ಪುಸ್ತಕವನ್ನು ಎತ್ತಿಕೊಂಡು ಮುಂದೆ ನಡೆದ ಆ ತರುಣನ ಗುರುತು ಇಂದಿನವರೆಗೂ ಸಿಕ್ಕಿಲ್ಲ.

ವೆಗೆನರ್ ಪರ ಸಾಕ್ಷಿ ನುಡಿದ ಕಲ್ಲುಗಳಲ್ಲಿ ನಮ್ಮ ಕಾಲಡಿಯವೂ ಸೇರಿವೆ. ಲಾವಾ ತಣ್ಣಗಾಗುವಾಗ ಅದರಲ್ಲಿರುವ ಕಬ್ಬಿಣದ ಕಣಗಳು ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ದಿಕ್ಕು ಎಷ್ಟು ಓರೆ ಎಂದು ಅಳೆದರೆ ಬಂಡೆ ಹುಟ್ಟಿದ ಅಕ್ಷಾಂಶ ತಿಳಿಯುತ್ತದೆ. 1950ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಡೆಕ್ಕನ್ ಟ್ರಾಪ್ ಎಂದು ಕರೆಯುವ ಕಪ್ಪು ಬಂಡೆಗಳನ್ನು ಹೀಗೆ ಪರೀಕ್ಷಿಸಿದಾಗ, ಅವು ಭೂಮಧ್ಯರೇಖೆಯ ಆಚೆ, ದಕ್ಷಿಣ ಗೋಲಾರ್ಧದಲ್ಲಿ ಹುಟ್ಟಿದವು ಎಂದು ಕಂಡುಬಂತು. ಮುಂಬಯಿ, ಪುಣೆ ನಗರಗಳು ನಿಂತಿರುವುದು, ನೆತ್ತಿಯಲ್ಲಿ ಗಾಂವದೇವಿ ಗುಡಿ ಹೊತ್ತ ಅಂಧೇರಿಯ ಗಿಲ್ಬರ್ಟ್ ಹಿಲ್ ಎದ್ದಿರುವುದು ಈ ಬಂಡೆಗಳ ಪ್ರದೇಶದಲ್ಲೇ. 1960ರ ದಶಕದಲ್ಲಿ ಸಾಗರತಳದ ಶೋಧನೆಯಿಂದ ಉಳಿದ ಸಂಶಯವೂ ಹರಿಯಿತು. ಬಲ ಬರುವುದು ಭೂಮಿಯ ಒಳಗಿನಿಂದಲೇ: ಸಾಗರತಳದ ತಣ್ಣನೆಯ, ಭಾರವಾದ ಫಲಕಗಳ ಅಂಚು ಆಳಕ್ಕೆ ಕುಸಿಯುತ್ತ ಉಳಿದದ್ದನ್ನು ಎಳೆಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಳವಡಿಸಿದ ಜಿಪಿಎಸ್ ಕೇಂದ್ರದ ಅಳತೆಯಂತೆ ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ವೆಗೆನರ್ ಮಲಗಿರುವ ಗ್ರೀನ್‌ಲ್ಯಾಂಡ್ ಯುರೋಪಿನಿಂದ ದೂರವಾಗುತ್ತಿರುವುದು ವರ್ಷಕ್ಕೆ ಎರಡು ಸೆಂಟಿಮೀಟರಿನ ಆಸುಪಾಸು. ಅವರ ಲೆಕ್ಕಕ್ಕಿಂತ ಬಹಳ ನಿಧಾನ, ಆದರೆ ಅವರು ಹೇಳಿದ ದಿಕ್ಕಿಗೇ.