ಅಜ್ಜನ ಹಸಿರು ಶಾಲು ಮತ್ತು ಪ್ರೊಫೆಸರ್

ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರಾ ಕಾಲುವೆಯ ಕೊನೆಯ ಭಾಗದಲ್ಲಿ ನಮ್ಮ ಹೊಲವಿದೆ. ನಾನು ಓದುವುದು ಬಳ್ಳಾರಿಯಲ್ಲಿ. ಪ್ರತಿ ಮುಂಗಾರಿಗೆ ಅಪ್ಪ ಇಲ್ಲಿಗೆ ಬಂದು, ಬೀಜದಂಗಡಿಯಲ್ಲಿ ಸಾಲ ಬರೆಸಿ ಚೀಲ ಹೊತ್ತು ಹೋಗುತ್ತಾರೆ. ಇದೇ ಬಳ್ಳಾರಿಯಲ್ಲಿ ಒಮ್ಮೆ ಬೀಜಕ್ಕಾಗಿಯೇ ಹೋರಾಟ ನಡೆದಿತ್ತೆಂದು ನನಗೆ ತಿಳಿದದ್ದು ಅಜ್ಜನ ಟ್ರಂಕಿನಲ್ಲಿದ್ದ ಹಸಿರು ಶಾಲಿನಿಂದ. ಆ ಶಾಲಿನ ಜೊತೆ ಅಜ್ಜ ನೆನೆಯುವ ಹೆಸರು ಪ್ರೊ. ಎಂ.ಡಿ. ನಂಜುಂಡಸ್ವಾಮಿ.

1936ರಲ್ಲಿ ಹುಟ್ಟಿದ ಅವರು ಕಾನೂನು ಓದಿ ಪ್ರಾಧ್ಯಾಪಕರಾದರು. ರೈತರ ಬಾಯಲ್ಲಿ ಕೊನೆವರೆಗೂ ಪ್ರೊಫೆಸರ್ ಆಗಿಯೇ ಉಳಿದರು. ಲೋಹಿಯಾ ಅವರ ಸಮಾಜವಾದ ಅವರ ದಾರಿಯಾಗಿತ್ತು. 1980ರಲ್ಲಿ ನರಗುಂದ, ನವಲಗುಂದದಲ್ಲಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಆ ಸಿಟ್ಟಿನಿಂದ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಮುಂದೆ ಅವರು ಧಾರವಾಡದಿಂದ ವಿಧಾನಸಭೆಗೂ ಹೋದರು.

1991ರಲ್ಲಿ ಡಂಕೆಲ್ ಪ್ರಸ್ತಾವ ಬಂದಾಗ, ಅದರ ಕಾನೂನಿನ ಭಾಷೆಯನ್ನು ರೈತರಿಗೆ ಬಿಡಿಸಿ ಹೇಳಿದರು. ಬೀಜಕ್ಕೆ ಪೇಟೆಂಟ್ ಬಂದರೆ ಕಂಪನಿ ರೂಪದಲ್ಲಿ ಹಳೆಯ ವಸಾಹತುಶಾಹಿಯೇ ಮರಳುತ್ತದೆ ಎಂಬುದು ಅವರ ನಂಬಿಕೆ. 1993ರ ಜುಲೈನಲ್ಲಿ, ಬಳ್ಳಾರಿಯಲ್ಲಿ ಕಾರ್ಗಿಲ್ ಕಂಪನಿ ಕಟ್ಟುತ್ತಿದ್ದ ಬೀಜ ಘಟಕವನ್ನು ರೈತ ಸಂಘದವರು ಕೆಡವಿದರು. ಅದೇ ವರ್ಷ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹ ನಡೆಯಿತು. ಅಜ್ಜ ಲಾರಿ ಹತ್ತಿ ಹೋದದ್ದು ಅಲ್ಲಿಗೇ. 1998ರಲ್ಲಿ, ನಮ್ಮಿಂದ ಹೊಳೆಯಾಚೆಗಿನ ಸಿಂಧನೂರು ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಬೆಳೆದಿದ್ದ ಬಿ.ಟಿ. ಹತ್ತಿಗೆ ಬೆಂಕಿ ಬಿತ್ತು. ಮರುವರ್ಷ ನೂರಾರು ರೈತರು ಪ್ರೊಫೆಸರ್ ಜೊತೆ ಯುರೋಪಿನ ಬೀದಿಗಳಲ್ಲಿ ಪ್ರತಿಭಟಿಸಿದರು. 2004ರ ಫೆಬ್ರುವರಿ 3ರಂದು ಅವರು ತೀರಿಕೊಂಡರು. ನಾನಿನ್ನೂ ಹುಟ್ಟಿರಲಿಲ್ಲ.

ಅವರ ಎಲ್ಲ ನಡೆಯನ್ನೂ ನಾನು ಒಪ್ಪಲಾರೆ. ವಸ್ತುವನ್ನು ಒಡೆಯುವುದು ಹಿಂಸೆಯಲ್ಲವೆಂಬ ಅವರ ವಾದ ಇಂದಿಗೂ ನನ್ನನ್ನು ಕಾಡುತ್ತದೆ. 2002ರಲ್ಲಿ ಬಿ.ಟಿ. ಹತ್ತಿಗೆ ಪರವಾನಗಿ ಸಿಕ್ಕಾಗ ರೈತರೇ ಮುಗಿಬಿದ್ದು ಕೊಂಡರು. ಕುರುಗೋಡಿನ ನನ್ನ ಸೋದರಮಾವನೂ ಬೆಳೆದರು. ಮೊದಮೊದಲು ಔಷಧಿ ಹೊಡೆಯುವ ಖರ್ಚು ಇಳಿದದ್ದು ನಿಜ. ಆಮೇಲೆ ಗುಲಾಬಿ ಕಾಯಿಕೊರಕ ಮರಳಿ ಬಂತು. ಅಷ್ಟರಲ್ಲಿ ಮನೆಯ ಹಳೆಯ ಹತ್ತಿ ಬೀಜ ಕಳೆದುಹೋಗಿತ್ತು.

ಪ್ರೊಫೆಸರ್ ನನಗೆ ಅರ್ಥವಾದದ್ದು ಆ ಹಂತದಲ್ಲಿ. ಹವಾಮಾನ ಬದಲಾವಣೆಯ ಮಾತು ಆಗ ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ಈಗ ಅದು ಕಾಲುವೆಯಲ್ಲೇ ಕಾಣುತ್ತದೆ. 2023ರ ಬರದಲ್ಲಿ ನಮ್ಮ ಎರಡನೇ ಭತ್ತಕ್ಕೆ ನೀರು ಸಿಗಲಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆ ತುಂಬಿದಾಗ 19ನೇ ಗೇಟು ಕೊಚ್ಚಿಹೋಗಿ ನೀರು ಹೊಳೆಗೆ ಹರಿಯಿತು. ನೀರು ನಂಬಿದ ಒಂದೇ ಬೆಳೆ, ಅಂಗಡಿ ನಂಬಿದ ಒಂದೇ ಬೀಜ. ಎರಡರಲ್ಲಿ ಯಾವುದು ತಪ್ಪಿದರೂ ನಮಗೆ ಉಳಿಯುವುದು ಸಾಲ. 1876ರಿಂದ 78ರ ದೊಡ್ಡ ಬರದಲ್ಲಿ ಈ ಜಿಲ್ಲೆ ಹಸಿವಿನಿಂದ ಸಾಯುತ್ತಿದ್ದಾಗಲೂ ದೇಶದಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಮಳೆ ಕೈಕೊಡುವುದು ಪ್ರಕೃತಿ. ಆದರೆ ಆಗ ಯಾರು ಉಣ್ಣಬೇಕು, ಯಾರು ಬಿತ್ತಬೇಕು ಎಂಬುದನ್ನು ಮನುಷ್ಯರು ತೀರ್ಮಾನಿಸುತ್ತಾರೆ. ಆ ತೀರ್ಮಾನ ರೈತನ ಕೈಯಲ್ಲಿರಬೇಕೆಂದು ಪ್ರೊಫೆಸರ್ ಹೋರಾಡಿದರು ಎಂದು ನಾನು ತಿಳಿದಿದ್ದೇನೆ.

2001ರ ಸಸ್ಯ ತಳಿ ಸಂರಕ್ಷಣೆ ಕಾಯ್ದೆ, ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಹಕ್ಕು ಕಾಗದದಲ್ಲಿದೆ, ಬೀಜ ಮನೆಯಲ್ಲಿಲ್ಲ. ಬೂದಿ ಬೆರೆಸಿ ಗಡಿಗೆಯಲ್ಲಿ ನವಣೆ ಬೀಜ ಇಡುತ್ತಿದ್ದ ಅಜ್ಜಿಯೂ ಈಗಿಲ್ಲ.

ಈ ಸಲ ಅಪ್ಪನನ್ನು ಒಂದು ಎಕರೆ ಕೇಳಿದೆ. ಭತ್ತ ಬಿಟ್ಟು ನವಣೆ, ತೊಗರಿ ಹಾಕೋಣವೆಂದೆ. ಸಾಲ ತೀರಿಸುವವರು ಯಾರು ಎಂದು ಅಪ್ಪ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಬದುವಿನ ಪಕ್ಕದ ಹತ್ತು ಗುಂಟೆ ಬಿಟ್ಟುಕೊಟ್ಟರು. ಕುರುಗೋಡಿನ ಮಾವ ನೆರೆಯವರಿಂದ ಒಂದು ಸೇರು ನವಣೆ ತಂದುಕೊಟ್ಟಿದ್ದಾರೆ. ಅಜ್ಜ ಗಡಿಗೆ ತೊಳೆದು ಬಿಸಿಲಿಗಿಟ್ಟಿದ್ದಾನೆ.