ಧರ್ಮಸಭೆಗಿಂತ ಕಟ್ಟುನಿಟ್ಟಾದ ಫಾದರ್

ಕ್ಯಾಥೊಲಿಕ್ ಧರ್ಮಸಭೆಯ ಹೊರಗಿರೋರಿಗೆ ಮೋಕ್ಷವಿಲ್ಲ ಅಂತ ಸಾರಿದ ಪಾದ್ರಿಯನ್ನು ಆ ಸಭೆಯೇ ಹೊರಗೆ ಹಾಕಿತು. ಅವರು ಲಿಯೊನಾರ್ಡ್ ಫೀನಿ.

1897ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಫೀನಿ ಜೆಸ್ಯೂಟ್ ಪಾದ್ರಿ, ಕವಿ, ಭಾರೀ ಮಾತುಗಾರ. 1940ರ ದಶಕದಲ್ಲಿ ಹಾರ್ವರ್ಡ್ ಪಕ್ಕದ ಸೇಂಟ್ ಬೆನೆಡಿಕ್ಟ್ ಸೆಂಟರಿನಲ್ಲಿ ಅವರ ಮಾತು ಕೇಳೋಕೆ ವಿದ್ಯಾರ್ಥಿಗಳು ಸೇರುತ್ತಿದ್ದರು. ಎಷ್ಟೇ ಒಳ್ಳೆಯವನಾದರೂ ಕ್ಯಾಥೊಲಿಕ್ ಆಗದಿದ್ದರೆ ಸ್ವರ್ಗವಿಲ್ಲ ಅನ್ನೋದು ಅವರ ಪಟ್ಟು. ಸೂತ್ರ ಹಳೆಯದೇ. ಆದರೆ ಅವರ ಬಾಯಲ್ಲಿ ಅದು ಬೈಗುಳವಾಯಿತು. ಬಾಸ್ಟನ್‌ನ ಮೈದಾನದಲ್ಲಿ ನಿಂತು ಯಹೂದಿಗಳ ಮೇಲೆ ಹರಿಹಾಯ್ದರು.

1949ರಲ್ಲಿ ರೋಮ್ ಪತ್ರ ಬರೆದು ತಿದ್ದಿತು: ತಿಳಿಯದೆ ಹೊರಗುಳಿದು, ದೇವರ ಇಚ್ಛೆಯಂತೆ ಬದುಕಲು ಬಯಸುವವರಿಗೂ ದಾರಿ ಇದೆ. ಫೀನಿ ಬಗ್ಗಲಿಲ್ಲ. ರೋಮಿಗೆ ಕರೆದರೂ ಹೋಗಲಿಲ್ಲ. 1953ರಲ್ಲಿ ಅವಿಧೇಯತೆಗಾಗಿ ಬಹಿಷ್ಕಾರ ಬಿತ್ತು.

ಹಾಗಂತ ಧರ್ಮಸಭೆ ತನ್ನ ಹಕ್ಕು ಬಿಟ್ಟುಕೊಟ್ಟಿತಾ? ಇಲ್ಲ. ಕ್ರಿಸ್ತನ ಏಕೈಕ ಸಭೆ ತನ್ನಲ್ಲೇ ನೆಲೆಸಿದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ತನ್ನ ಹೊರಗೂ ಸತ್ಯದ ಅಂಶಗಳಿವೆ ಎಂದೂ ಅದೇ ಉಸಿರಿನಲ್ಲಿ ಒಪ್ಪಿತು. ನಮ್ಮದು ನಿಜ ಅನ್ನೋದಕ್ಕೂ ಉಳಿದವರೆಲ್ಲ ನರಕಕ್ಕೆ ಅನ್ನೋದಕ್ಕೂ ಇರುವ ಅಂತರ ಇಷ್ಟೇ.

ಫೀನಿಯನ್ನು 1972ರಲ್ಲಿ ಮರಳಿ ಸೇರಿಸಿಕೊಂಡರು, ಆಡಿದ ಮಾತು ಹಿಂಪಡೆಯಿರಿ ಎಂದು ಕೇಳದೆಯೇ. 1978ರಲ್ಲಿ ತೀರಿಕೊಂಡಾಗ ಅವರು ಒಳಗಿದ್ದರು. ಹೊರಗಿರುವವರಿಗೆ ತಾವು ಕೊಡದ ರಿಯಾಯಿತಿ ಅವರಿಗೆ ಸಿಕ್ಕಿತ್ತು.